ಗಣಕ ಮತ್ತು ಜಾಲದ ಪಾರಿಭಾಷಿಕ ಪದಗಳು: ಅರ್ಥ ಹಾಗೂ ಬಳಕೆ

ಕನ್ನಡದಲ್ಲಿ ಪಾರಿಭಾಷಿಕ ಪದಗಳ ಚರ್ಚೆಯು ಬಹುಮಟ್ಟಿಗೆ ಮೂರು ಪ್ರಶ್ನೆಗಳ ಸುತ್ತಲೇ ನಡೆದುಬಂದಿದೆ. ಸಂಸ್ಕೃತದಿಂದ ಪದಗಳನ್ನು ರಚಿಸಿಕೊಳ್ಳಬೇಕೆ, ಕನ್ನಡದ ಧಾತು-ಪ್ರತ್ಯಯಗಳಿಂದಲೇ ಕಟ್ಟಿಕೊಳ್ಳಬೇಕೆ, ಇಲ್ಲವೆ ಇಂಗ್ಲಿಷ್ ಪದಗಳನ್ನು ಇದ್ದಂತೆಯೇ ಸ್ವೀಕರಿಸಬೇಕೆ ಎಂಬುವೇ ಆ ಪ್ರಶ್ನೆಗಳು. ಜಿ. ವೆಂಕಟಸುಬ್ಬಯ್ಯನವರಂತಹ ನಿಘಂಟುಕಾರರಿಂದ ಡಿ.ಎನ್. ಶಂಕರ ಭಟ್ಟರಂತಹ ಭಾಷಾವಿಜ್ಞಾನಿಗಳವರೆಗೆ ಹಲವರು ಈ ವಿಷಯದಲ್ಲಿ ಬೇರೆ ಬೇರೆ ನಿಲುವುಗಳನ್ನು ತಳೆದಿದ್ದಾರೆ. ಆದರೆ ಪದವೊಂದು ಸೂಚಿಸುವ ವಸ್ತು ಯಾವುದು, ಅದು ಮಾಡುವ ಕೆಲಸವೇನು ಎಂಬುದನ್ನು ಅರಿಯದೆ ಆ ಪದವು ಯುಕ್ತವೋ ಅಲ್ಲವೋ ಎಂದು ನಿರ್ಣಯಿಸುವುದು ಅಸಾಧ್ಯ. ಗಣಕ ಹಾಗೂ ಜಾಲಕ್ಕೆ ಸಂಬಂಧಿಸಿದ ಪದಗಳಲ್ಲಿ ಈ ಕೊರತೆಯು ಎದ್ದು ಕಾಣುತ್ತದೆ. ಕನ್ನಡ ವಿಭಾಗಗಳಲ್ಲಿ ಇಂದು ಹಸ್ತಪ್ರತಿಗಳ ಅಂಕೀಕರಣ, ಮಹಾಪ್ರಬಂಧಗಳ ಸಲ್ಲಿಕೆ, ಪಠ್ಯಗಳ ಸಂಗ್ರಹ ಎಲ್ಲವೂ ಗಣಕದ ಮೂಲಕವೇ ನಡೆಯುತ್ತಿರುವುದರಿಂದ ಇದು ಕೇವಲ ನಿಘಂಟಿನ ಪ್ರಶ್ನೆಯಾಗಿ ಉಳಿದಿಲ್ಲ.

‘ಗಣಕ’ ಎಂಬ ಪದವನ್ನೇ ಮೊದಲು ಗಮನಿಸಬಹುದು. ಸಂಸ್ಕೃತದಲ್ಲಿ ಗಣಕನೆಂದರೆ ಲೆಕ್ಕ ಹಾಕುವವನು, ಜ್ಯೋತಿಷಿ. ಇಂಗ್ಲಿಷಿನ ‘ಕಂಪ್ಯೂಟರ್’ ಕೂಡ ಹಿಂದೆ ಮನುಷ್ಯವಾಚಕವಾಗಿಯೇ ಇತ್ತು. ಖಗೋಳ ಕೋಷ್ಟಕಗಳಿಗಾಗಿ ಲೆಕ್ಕ ಮಾಡುತ್ತಿದ್ದವರನ್ನು ಆ ಹೆಸರಿನಿಂದ ಕರೆಯಲಾಗುತ್ತಿತ್ತು. ಎರಡು ಭಾಷೆಗಳಲ್ಲಿಯೂ ಪದವು ಮನುಷ್ಯನಿಂದ ಯಂತ್ರಕ್ಕೆ ವರ್ಗಾವಣೆಯಾಗಿದೆ. ಆದ್ದರಿಂದ ‘ಗಣಕಯಂತ್ರ’ ಎಂದು ಬಿಡಿಸಿ ಹೇಳುವ ಅಗತ್ಯವು ಈಗ ಉಳಿದಿಲ್ಲವೆನ್ನಬಹುದು. ‘ಯಂತ್ರಾಂಶ’ ಮತ್ತು ‘ತಂತ್ರಾಂಶ’ಗಳದು ಇನ್ನೂ ಅದೃಷ್ಟದ ಜೋಡಿ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳು ಯಂತ್ರಾಂಶ. ಆ ಭಾಗಗಳು ಹೇಗೆ ನಡೆದುಕೊಳ್ಳಬೇಕೆಂದು ವಿಧಿಸುವ ಆದೇಶಗಳ ಸಮೂಹ ತಂತ್ರಾಂಶ. ಪ್ರಾಸದ ಬಲದಿಂದಲೇ ಇವೆರಡೂ ನೆನಪಿನಲ್ಲಿ ನಿಲ್ಲುತ್ತವೆ. ‘ಡೇಟಾ’ ಎಂಬುದಕ್ಕೆ ಬಳಕೆಯಲ್ಲಿರುವ ‘ದತ್ತಾಂಶ’ವೂ ಹಾಗೆಯೇ: ಲ್ಯಾಟಿನ್ ಮೂಲದ ಆ ಪದಕ್ಕೆ ‘ಕೊಡಲ್ಪಟ್ಟದ್ದು’ ಎಂದೇ ಅರ್ಥ. ‘ಕೀಲಿಮಣೆ’ಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ಜನರ ಬಾಯಿಗೆ ಬಂದಾಗಿದೆ.

ಸ್ಮೃತಿ ಮತ್ತು ಸಂಗ್ರಹ

ತೊಡಕು ಪ್ರಾರಂಭವಾಗುವುದು ‘ಮೆಮೊರಿ’ಯಿಂದ. ಇದಕ್ಕೆ ‘ಸ್ಮೃತಿ’ ಎಂಬ ಪದವು ರೂಢಿಗೆ ಬಂದಿದೆ. ಆದರೆ ಗಣಕದಲ್ಲಿ ಸ್ವಭಾವತಃ ಭಿನ್ನವಾದ ಎರಡು ವ್ಯವಸ್ಥೆಗಳಿದ್ದು, ಆಡುಮಾತಿನಲ್ಲಿ ಎರಡಕ್ಕೂ ‘ಮೆಮೊರಿ’ ಎಂದೇ ಹೇಳಲಾಗುತ್ತದೆ. ಒಂದು ರ‍್ಯಾಮ್, ಇನ್ನೊಂದು ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಮೊದಲಾದ ಸಂಗ್ರಹ ಸಾಧನಗಳು. ರ‍್ಯಾಮ್ ಎಂಬುದು ಓದುವ ಮೇಜಿನಂತೆ. ಗ್ರಂಥ ಭಂಡಾರದಿಂದ ತಂದ ಪುಸ್ತಕಗಳನ್ನು ಹರಡಿಕೊಂಡು ಕೆಲಸ ಮಾಡುವುದು ಮೇಜಿನ ಮೇಲೆ. ಕೆಲಸ ಮುಗಿದ ಬಳಿಕ ಅವು ಹಿಂದಿರುಗಬೇಕಾದದ್ದು ಕಪಾಟಿಗೆ. ರ‍್ಯಾಮಿನಲ್ಲಿ ಪ್ರತಿಯೊಂದು ಅಂಕವೂ ಅತಿ ಸಣ್ಣ ವಿದ್ಯುದಾವೇಶದ ರೂಪದಲ್ಲಿರುತ್ತದೆ. ಆ ಆವೇಶವು ಸೋರಿಹೋಗುವ ಸ್ವಭಾವದ್ದಾದುದರಿಂದ ಅದನ್ನು ಸೆಕೆಂಡಿಗೆ ಹಲವು ಬಾರಿ ಮತ್ತೆ ಮತ್ತೆ ತುಂಬುತ್ತಿರಬೇಕು. ವಿದ್ಯುತ್ತು ನಿಂತೊಡನೆ ಎಲ್ಲವೂ ಅಳಿಸಿಹೋಗುತ್ತದೆ. ಸಂಗ್ರಹ ಸಾಧನಗಳ ಮಾತು ಬೇರೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಗಳ ಮೇಲಿನ ಕಾಂತೀಯ ಗುರುತುಗಳಾಗಿಯೂ ಪೆನ್‌ಡ್ರೈವ್ ಹಾಗೂ ಎಸ್‌ಎಸ್‌ಡಿಗಳಲ್ಲಿ ಬಂಧಿತ ಆವೇಶವಾಗಿಯೂ ದತ್ತಾಂಶವು ವಿದ್ಯುತ್ತಿಲ್ಲದೆಯೂ ಉಳಿಯುತ್ತದೆ.

ಬೆರಳಚ್ಚು ಮಾಡುತ್ತಿರುವ ಅಧ್ಯಾಯವು ಪರದೆಯ ಮೇಲೆ ಕಾಣುತ್ತಿರುವಾಗ ಇರುವುದು ರ‍್ಯಾಮಿನಲ್ಲಿ. ‘ಉಳಿಸು’ ಎಂಬ ಆದೇಶವನ್ನು ಕೊಟ್ಟಾಗ ಮಾತ್ರ ಅದು ಸಂಗ್ರಹಕ್ಕೆ ಹೋಗುತ್ತದೆ. ವಿದ್ಯುತ್ ಕಡಿತದಿಂದ ಬರಹವನ್ನು ಕಳೆದುಕೊಂಡ ಸಂಶೋಧಕರಿಗೆ ಈ ವ್ಯತ್ಯಾಸವು ಪಾರಿಭಾಷಿಕ ಸೂಕ್ಷ್ಮತೆಯಾಗಿ ಉಳಿದಿರಲಾರದು. ಆದುದರಿಂದ ‘ಸ್ಮೃತಿ’ಯನ್ನು ರ‍್ಯಾಮಿಗೆ ಮೀಸಲಿಟ್ಟು, ಇನ್ನೊಂದಕ್ಕೆ ‘ಸಂಗ್ರಹ’ ಎಂಬುದನ್ನು ಕಟ್ಟುನಿಟ್ಟಾಗಿ ಬಳಸುವುದು ಯುಕ್ತ. ರ‍್ಯಾಮಿನ ವಿಸ್ತೃತ ರೂಪವನ್ನು ‘ಯಾದೃಚ್ಛಿಕ ಪ್ರವೇಶ ಸ್ಮೃತಿ’ ಎಂದು ಅನುವಾದಿಸುವುದುಂಟು. ಇದು ಪದಕ್ಕೆ ಪದವಾಗಿ ಸರಿಯಾದರೂ ಅರ್ಥಕ್ಕೆ ದೂರವಾದುದು. ಇಲ್ಲಿ ‘ಯದೃಚ್ಛೆ’ ಏನೂ ಇಲ್ಲ. ಹಾಡಿನ ಕ್ಯಾಸೆಟ್ಟಿನಲ್ಲಿ ಐದನೆಯ ಹಾಡನ್ನು ತಲುಪಲು ಹಿಂದಿನ ನಾಲ್ಕನ್ನೂ ಸುತ್ತಿ ದಾಟಬೇಕು. ಪುಸ್ತಕದಲ್ಲಾದರೆ ಬೇಕಾದ ಪುಟವನ್ನು ನೇರವಾಗಿ ತೆರೆಯಬಹುದು. ಯಾವ ಸ್ಥಾನವನ್ನಾದರೂ ಸರಿಸುಮಾರು ಒಂದೇ ಅವಧಿಯಲ್ಲಿ ತಲುಪಬಹುದೆಂಬುದೇ ಆ ಹೆಸರಿನ ತಾತ್ಪರ್ಯ. ‘ನೇರಪ್ರವೇಶ ಸ್ಮೃತಿ’ ಎಂದಿದ್ದರೆ ಗೊಂದಲವಿರುತ್ತಿರಲಿಲ್ಲ.

ಬಿಟ್, ಬೈಟ್ ಮತ್ತು ಕನ್ನಡದ ಅಕ್ಷರ

ಗಣಕದ ಅತ್ಯಂತ ಸಣ್ಣ ಘಟಕ ಬಿಟ್. ಅದರ ಬೆಲೆ 0 ಇಲ್ಲವೆ 1. ಎಂಟು ಬಿಟ್‌ಗಳು ಸೇರಿ ಒಂದು ಬೈಟ್ ಆಗುತ್ತದೆ. ಕನ್ನಡದ ವಿದ್ವಾಂಸರಿಗೆ ಇಲ್ಲಿ ವಿಶೇಷ ಆಸಕ್ತಿಯ ಸಂಗತಿಯೊಂದಿದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರಕಿತು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರವು ಒಂದು ಬೈಟನ್ನು, ಕನ್ನಡದ ಒಂದು ಸಂಕೇತವು ಮೂರು ಬೈಟ್‌ಗಳನ್ನು ಬೇಡುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರಗಳು. ಗಣಕವು ಉಳಿಸುವುದಾದರೋ ಐದು ಸಂಕೇತಗಳನ್ನು: ಕ, ನ, ಹಲಂತ ಚಿಹ್ನೆ, ನ, ಡ. ಒಟ್ಟು 15 ಬೈಟ್‌ಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು, 18 ಬೈಟ್‌ಗಳು ಬೇಕಾಗುತ್ತವೆ. ನಮ್ಮ ವ್ಯಾಕರಣ ಪರಂಪರೆಯು ಸ್ವರರಹಿತ ವ್ಯಂಜನವನ್ನು ಮೂಲವಾಗಿಟ್ಟುಕೊಂಡು ಅದಕ್ಕೆ ಸ್ವರವನ್ನು ಸೇರಿಸಿ ಗುಣಿತಾಕ್ಷರವನ್ನು ಸಾಧಿಸುತ್ತದೆ. ಯೂನಿಕೋಡು ಅಕಾರಸಹಿತ ವ್ಯಂಜನದಿಂದ ಹೊರಟು ಹಲಂತ ಚಿಹ್ನೆಯಿಂದ ಆ ಅಕಾರವನ್ನು ಕಳೆಯುತ್ತದೆ. ದಾರಿ ವಿರುದ್ಧವಾದರೂ ಫಲ ಒಂದೇ.

ಯೂನಿಕೋಡ್ ಪೂರ್ವದ ಅಕ್ಷರಶೈಲಿಗಳಲ್ಲಿ ಸ್ಥಿತಿ ಹೀಗಿರಲಿಲ್ಲ. ಅಲ್ಲಿ ಉಳಿಯುತ್ತಿದ್ದುದು ಕನ್ನಡದ ಸಂಕೇತಗಳಲ್ಲ. ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸ್ಥಾನದಲ್ಲಿ ಕೂರಿಸಿದ ಕನ್ನಡದ ಆಕೃತಿಗಳು. ಅಕ್ಷರಶೈಲಿಯನ್ನು ಬದಲಿಸಿದೊಡನೆ ಪಠ್ಯವು ಅರ್ಥವಿಲ್ಲದ ರೋಮನ್ ಸರಣಿಯಾಗಿ ಕಾಣುತ್ತದೆ. ಯುಜಿಸಿಯ 2009ರ ನಿಯಮಾವಳಿಯು ಮಹಾಪ್ರಬಂಧಗಳ ಗಣಕಪ್ರತಿಯನ್ನೂ ಸಲ್ಲಿಸಬೇಕೆಂದು ವಿಧಿಸಿತು. ಆ ಬಳಿಕ ಕನ್ನಡದ ಪ್ರಬಂಧಗಳು ಇನ್‌ಫ್ಲಿಬ್‌ನೆಟ್ ಸಂಸ್ಥೆಯ ‘ಶೋಧಗಂಗಾ’ ಭಂಡಾರವನ್ನು ಸೇರಿವೆ. ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧವಾದ ಪ್ರಬಂಧವು ಅಲ್ಲಿ ಓದಲು ದೊರೆತೀತು, ಆದರೆ ಅದರೊಳಗೆ ‘ವಡ್ಡಾರಾಧನೆ’ ಎಂದು ಕನ್ನಡದಲ್ಲಿ ಹುಡುಕಿದರೆ ಸಿಗಲಾರದು. ಮುದ್ರಣದಲ್ಲಿ ಇವೆರಡರ ನಡುವೆ ಯಾವ ಭೇದವೂ ತೋರದು ಎಂಬುದೇ ಇಲ್ಲಿಯ ಅಪಾಯ.

ಗಾತ್ರಗಳ ಲೆಕ್ಕವನ್ನೂ ಇದೇ ಸಂದರ್ಭದಲ್ಲಿ ನೋಡಬಹುದು. ಪುಟಕ್ಕೆ 1800 ಸಂಕೇತಗಳಂತೆ 300 ಪುಟಗಳ ಕನ್ನಡ ಪ್ರಬಂಧದ ಬರಿಯ ಪಠ್ಯವು ಸುಮಾರು 16 ಲಕ್ಷ ಬೈಟ್, ಎಂದರೆ 1.6 ಮೆಗಾಬೈಟ್ ಆಗುತ್ತದೆ. ಅದೇ 300 ಪುಟಗಳನ್ನು ಎ4 ಅಳತೆಯಲ್ಲಿ, ಇಂಚಿಗೆ 300 ಬಿಂದುಗಳಂತೆ, ವರ್ಣಚಿತ್ರವಾಗಿ ಸ್ಕ್ಯಾನ್ ಮಾಡಿದರೆ ಸಂಕುಚಿತಗೊಳಿಸದ ಒಂದೊಂದು ಪುಟವೂ ಸುಮಾರು 26 ಮೆಗಾಬೈಟ್, ಒಟ್ಟು 7.8 ಗಿಗಾಬೈಟ್ ಆಗುತ್ತದೆ. ಹಸ್ತಪ್ರತಿಗಳಿಗೆ ಚಿತ್ರವೇ ಬೇಕು, ಬೇರೆ ದಾರಿಯಿಲ್ಲ. ಆಧುನಿಕ ಮುದ್ರಿತ ಪಠ್ಯಗಳನ್ನೂ ಬರಿಯ ಚಿತ್ರಗಳಾಗಿ ಕೂಡಿಡುವ ಯೋಜನೆಗಳು ಮಾತ್ರ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಇನ್ನೊಂದು ಸಣ್ಣ ಸಂಗತಿ: 500 ಗಿಗಾಬೈಟಿನ ಡಿಸ್ಕನ್ನು ಕೊಂಡವರಿಗೆ ಗಣಕವು ಸುಮಾರು 465 ಎಂದು ತೋರಿಸಬಹುದು. ತಯಾರಕರು ಕಿಲೋ ಎಂದರೆ 1000 ಎಂದೂ ಕೆಲವು ತಂತ್ರಾಂಶಗಳು 1024 ಎಂದೂ ಎಣಿಸುವುದು ಇದಕ್ಕೆ ಕಾರಣ. ಮೋಸವೇನೂ ಇಲ್ಲ.

ಜಾಲ

ಸಂಗ್ರಹವನ್ನು ಬೈಟ್‌ಗಳಲ್ಲಿ ಅಳೆದರೆ ಜಾಲದ ವೇಗವನ್ನು ಬಿಟ್‌ಗಳಲ್ಲಿ ಅಳೆಯಲಾಗುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ಎಂದರೆ ಒಂದೂಕಾಲು ಮೆಗಾಬೈಟ್ ಮಾತ್ರ. ಮೇಲೆ ಹೇಳಿದ ಪಠ್ಯವು ಈ ವೇಗದಲ್ಲಿ ಒಂದೂವರೆ ಸೆಕೆಂಡಿನೊಳಗೆ ತಲುಪಿದರೆ, ಅದೇ ಪ್ರಬಂಧದ ಚಿತ್ರಗಳಿಗೆ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ.

ಜಾಲದಲ್ಲಿ ಯಾವ ಸಂದೇಶವೂ ಇಡಿಯಾಗಿ ಹೋಗುವುದಿಲ್ಲ. ಅದನ್ನು ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ಮೇಲೂ ಕಳುಹಿಸಿದವರ ಹಾಗೂ ಪಡೆಯುವವರ ವಿಳಾಸವನ್ನು ಬರೆದು ಸಾಗಿಸಲಾಗುತ್ತದೆ. ಈ ವಿಳಾಸವೇ ಐಪಿ ವಿಳಾಸ. ಹಳೆಯ ನಾಲ್ಕನೆಯ ಆವೃತ್ತಿಯಲ್ಲಿ ಅದು 32 ಬಿಟ್‌ಗಳದ್ದು. ಬರೆಯುವಾಗ 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳು. ಹೀಗೆ ಸಾಧ್ಯವಾಗುವ ವಿಳಾಸಗಳು ಸುಮಾರು 429 ಕೋಟಿ. ಅವುಗಳ ಕೇಂದ್ರೀಯ ದಾಸ್ತಾನು 2011ರಲ್ಲಿ ಮುಗಿಯಿತು. 128 ಬಿಟ್‌ಗಳ ಆರನೆಯ ಆವೃತ್ತಿಯು ಈಗ ಹಳೆಯದರೊಂದಿಗೆ ಜೊತೆಜೊತೆಯಾಗಿ ನಡೆಯುತ್ತಿದೆ. 1972ರಲ್ಲಿ ಜಾರಿಗೆ ಬಂದ ಅಂಚೆಯ ಪಿನ್ ಸಂಖ್ಯೆಯನ್ನು ಬಲ್ಲವರಿಗೆ ಐಪಿ ವಿಳಾಸದ ತತ್ತ್ವವು ಕಷ್ಟವಲ್ಲ. 570001 ಎಂಬುದರ ಮೊದಲ ಅಂಕಿಗಳನ್ನು ಕಂಡೊಡನೆ ದೂರದ ಕಚೇರಿಯವರು ಪತ್ರವನ್ನು ಕರ್ನಾಟಕದ ದಿಕ್ಕಿಗೆ ಕಳುಹಿಸುತ್ತಾರೆ. ಮೈಸೂರಿನ ಬೀದಿಗಳ ವಿಚಾರ ಅವರಿಗೆ ಬೇಕಿಲ್ಲ. ರೂಟರ್ ಎಂಬ ಸಾಧನವು ಮಾಡುವುದು ಇದನ್ನೇ. ಅದು ಒಂದು ಜಾಲವನ್ನು ಮತ್ತೊಂದಕ್ಕೆ ಕೂಡಿಸುವ ವಿಂಗಡಣಾ ಕಚೇರಿ. ಸ್ವಿಚ್ ಎಂಬುದು ಒಂದೇ ಕಟ್ಟಡದೊಳಗಿನ ಗಣಕಗಳನ್ನು ಬೆಸೆಯುವಂಥದು. ಯಾರು ಯಾವ ಕೊಠಡಿಯಲ್ಲಿ ಕೂರುತ್ತಾರೆಂದು ಬಲ್ಲ ವಿಭಾಗದ ಜವಾನನಂತೆ, ಪೊಟ್ಟಣವನ್ನು ಸಲ್ಲಬೇಕಾದವರಿಗೇ ಕೊಡುತ್ತದೆ. ಅದಕ್ಕಿಂತ ಹಳೆಯದಾದ ಹಬ್ ಬಂದದ್ದನ್ನೆಲ್ಲ ಎಲ್ಲರಿಗೂ ಸಾರುತ್ತಿತ್ತು, ಡಂಗುರದವನಂತೆ. ಮೋಡೆಮ್ ಎಂಬುದು ಎರಡು ಇಂಗ್ಲಿಷ್ ಪದಗಳ ತುಂಡುಗಳಿಂದಾದ ಹೆಸರು. ತಂತಿಯ ಮೇಲೆ ಹೋಗುವ ತರಂಗಕ್ಕೆ ದತ್ತಾಂಶವನ್ನು ಏರಿಸುವುದು, ಬಂದ ತರಂಗದಿಂದ ಇಳಿಸಿಕೊಳ್ಳುವುದು ಅದರ ಕೆಲಸ. ‘ವೈ-ಫೈ’ ಯಾವುದರ ಸಂಕ್ಷೇಪವೂ ಅಲ್ಲ, ಅದೊಂದು ವ್ಯಾಪಾರನಾಮ. ಅದನ್ನು ‘ನಿಸ್ತಂತು’ ಎಂದು ಅನುವಾದಿಸಿದರೆ ಮೊಬೈಲ್ ಜಾಲವೂ ಆ ಪದದೊಳಗೆ ಬಂದುಬಿಡುತ್ತದೆ.

‘ಪ್ರೋಟೋಕಾಲ್’ ಎಂಬುದರ ಇತಿಹಾಸವು ಗ್ರಂಥಸಂಪಾದಕರಿಗೆ ಪ್ರಿಯವಾಗಬಹುದಾದುದು. ಗ್ರೀಕಿನಲ್ಲಿ ಅದು ಪಪೈರಸ್ ಸುರುಳಿಯ ಮೊದಲಿಗೆ ಅಂಟಿಸುತ್ತಿದ್ದ ಹಾಳೆಯ ಹೆಸರು. ಜಾಲದಲ್ಲಿ ಅದು ಎರಡು ಗಣಕಗಳು ಮಾತಾಡಿಕೊಳ್ಳುವ ಕ್ರಮವನ್ನು ಗೊತ್ತುಪಡಿಸುವ ಕಟ್ಟಳೆ. ‘ಶಿಷ್ಟಾಚಾರ’ ಎಂಬ ಪರ್ಯಾಯವು ಸರ್ಕಾರಿ ಸಮಾರಂಭಗಳಿಗೆ ಸರಿ. ಇಲ್ಲಿ ಆಚಾರ ತಪ್ಪಿದರೆ ಮುನಿಸಲ್ಲ, ಸಂವಹನವೇ ನಿಂತುಹೋಗುತ್ತದೆ. ‘ಕಟ್ಟಳೆ’ಯೇ ಹೆಚ್ಚು ಹೊಂದುತ್ತದೆ.

ಇನ್ನು ‘ಅಂತರಜಾಲ’ವೋ ‘ಅಂತರ್ಜಾಲ’ವೋ ಎಂಬ ವಿವಾದ. ಸಂಸ್ಕೃತದ ‘ಅಂತರ್’ ಎಂಬ ಅವ್ಯಯಕ್ಕೆ ಒಳಗೆ, ನಡುವೆ ಎಂಬ ಎರಡೂ ಅರ್ಥಗಳುಂಟು. ಆದರೆ ಅಂತರಂಗ, ಅಂತರ್ಮುಖಿ, ಅಂತರ್ಜಲಗಳ ಸಹವಾಸದಿಂದ ಕನ್ನಡ ಕಿವಿಗೆ ‘ಒಳಗೆ’ ಎಂಬುದೇ ಮೊದಲು ಕೇಳಿಸುತ್ತದೆ. ಇದು ಕೇವಲ ಕಾಗುಣಿತದ ಪ್ರಶ್ನೆಯಲ್ಲ. ಏಕೆಂದರೆ ಸಂಸ್ಥೆಯೊಂದರ ಒಳಗಷ್ಟೇ ಇರುವ ‘ಇಂಟ್ರಾನೆಟ್’ ಎಂಬ ಇನ್ನೊಂದು ವ್ಯವಸ್ಥೆಯೂ ಇದೆ. ಜಾಲಗಳ ನಡುವಿನ ಜಾಲಕ್ಕೆ ‘ಅಂತರಜಾಲ’, ಸಂಸ್ಥೆಯ ಒಳಗಿನದಕ್ಕೆ ‘ಒಳಜಾಲ’ ಎಂದು ವಿಂಗಡಿಸಿದರೆ ಎರಡೂ ನಿಲ್ಲುತ್ತವೆ. (‘ಅಂತರ್ಜಾಲ ಮಟ್ಟ ಕುಸಿತ’ದಂತಹ ಮುದ್ರಣದೋಷವೂ ಆಗ ತಪ್ಪುತ್ತದೆ.) ಅಂತರಜಾಲ ಮತ್ತು ವೆಬ್ ಒಂದೇ ಎಂಬ ಗ್ರಹಿಕೆಯೂ ವ್ಯಾಪಕವಾಗಿದೆ, ‘ನೆಟ್’, ‘ವೆಬ್’ ಎರಡಕ್ಕೂ ಕನ್ನಡವು ‘ಜಾಲ’ ಎಂದದ್ದು ಇದಕ್ಕೆ ಪುಷ್ಟಿ ಕೊಟ್ಟಿದೆ. 1969ರ ಅರ್ಪಾನೆಟ್‌ನಿಂದ ಮೊದಲಾಗಿ, 1983ರಲ್ಲಿ ಟಿಸಿಪಿ-ಐಪಿ ಕಟ್ಟಳೆಗಳಿಗೆ ಬದಲಾಗಿ ಬೆಳೆದ ಮಾರ್ಗವ್ಯವಸ್ಥೆ ಅಂತರಜಾಲ; ಟಿಮ್ ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾಪಿಸಿದ, ಕೊಂಡಿಗಳಿಂದ ಬೆಸೆದ ಪುಟಗಳ ವ್ಯವಸ್ಥೆ ವೆಬ್. ಮಿಂಚಂಚೆಯು ವೆಬ್ಬಿಗಿಂತ ಹಳೆಯದು. ಅಂದಹಾಗೆ ‘ಮಿಂಚಂಚೆ’ಯು ಲೋಪಸಂಧಿಯ ಒಂದು ಸೊಗಸಾದ ಹೊಸ ಉದಾಹರಣೆ; ತರಗತಿಯಲ್ಲಿ ‘ಊರೂರು’ ಬದಲಿಗೆ ಇದನ್ನು ಕೊಡಬಹುದು.

ಸಂಖ್ಯಾವಿಳಾಸಗಳನ್ನು ನೆನಪಿಡುವುದು ಕಷ್ಟವಾದುದರಿಂದ ಹೆಸರುಗಳನ್ನು ಸಂಖ್ಯೆಗಳಿಗೆ ಹೊಂದಿಸುವ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಕನ್ನಡ ಲಿಪಿಯಲ್ಲಿಯೇ ‘ಭಾರತ’ ಎಂದು ಕೊನೆಗೊಳ್ಳುವ ಜಾಲನಾಮಗಳಿಗೂ ಈಗ ಅವಕಾಶವಿದೆ. ಆದರೆ ಒಳಗೆ ಅವು ರೋಮನ್ ಅಕ್ಷರಗಳ ಸಂಕೇತರೂಪಕ್ಕೆ ತಿರುಗಿಯೇ ಸಾಗುತ್ತವೆ.

ಕೊನೆಯದಾಗಿ, ಜನಸಾಮಾನ್ಯರ ಬಾಯಲ್ಲಿ ಅತಿ ಹೆಚ್ಚು ಓಡಾಡುವ ಪದ ‘ಸರ್ವರ್’. ಕೇಳಿದ್ದನ್ನು ಒದಗಿಸಲು ಸದಾ ಸಿದ್ಧವಾಗಿ ನಿಂತ ಗಣಕ ಅಥವಾ ತಂತ್ರಾಂಶಕ್ಕೆ ಆ ಹೆಸರು. ನಾಡಕಚೇರಿ, ನ್ಯಾಯಬೆಲೆ ಅಂಗಡಿ, ಬ್ಯಾಂಕುಗಳ ಮುಂದೆ ‘ಸರ್ವರ್ ಇಲ್ಲ’, ‘ನೆಟ್ ಇಲ್ಲ’ ಎಂಬ ಮಾತುಗಳು ಒಂದಕ್ಕೊಂದು ಪರ್ಯಾಯವೆಂಬಂತೆ ಕೇಳಿಬರುತ್ತವೆ. ವಸ್ತುತಃ ಇವು ಮೂರು ಬೇರೆ ಸಂಗತಿಗಳನ್ನು ಮುಚ್ಚಿಡುತ್ತವೆ. ದೂರದ ಸರ್ವರ್ ಕೆಟ್ಟಿದ್ದರೆ ರಾಜ್ಯದ ಎಲ್ಲ ಕಡೆಯೂ ಕೆಲಸ ನಿಂತಿರಬೇಕು, ಹೊಣೆ ಅದನ್ನು ನಡೆಸುವವರದು. ಹಾದಿಯ ತಂತಿ ತುಂಡಾಗಿದ್ದರೆ ಆ ಊರು ಅಥವಾ ತಾಲ್ಲೂಕಷ್ಟೇ ನಿಂತಿರುತ್ತದೆ, ಹೊಣೆ ಸಂಪರ್ಕ ಒದಗಿಸುವ ಸಂಸ್ಥೆಯದು. ಕೊಠಡಿಯ ರೂಟರ್ ಅಥವಾ ಸ್ವಿಚ್ ಕೆಟ್ಟಿದ್ದರೆ ಪಕ್ಕದ ಅಂಗಡಿಯಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿರುತ್ತದೆ, ಹೊಣೆ ಆ ಕಚೇರಿಯದೇ. ಪಡಿತರಕ್ಕಾಗಿ ಬೆರಳೊತ್ತಲು ಬಂದು ಹಿಂದಿರುಗುವ ಮಹಿಳೆಗೆ ಈ ಮೂರರಲ್ಲಿ ಯಾವುದೆಂದು ಕೇಳುವ ಪದ ಇದುವರೆಗೆ ಸಿಕ್ಕಿಲ್ಲ. ‘ಸರ್ವರ್’ ಎಂಬ ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ‘ಸರ್ವರ್ ಕೆಟ್ಟಿದೆ’, ‘ಹಾದಿ ಕಡಿದಿದೆ’, ‘ನಮ್ಮ ಪೆಟ್ಟಿಗೆ ಕೆಟ್ಟಿದೆ’ ಎಂಬ ಮೂರು ವಾಕ್ಯಗಳು ಕಚೇರಿಯ ಫಲಕದ ಮೇಲೆ ಬೇರೆ ಬೇರೆಯಾಗಿ ಬರೆಯಲ್ಪಟ್ಟರೆ ಸಾಕು.