ಶೇರ್ಡ್ ಲೈಬ್ರರಿ: ಹುಡುಕುವ ಎರಡು ಕ್ರಮಗಳು

‘ಲೈಬ್ರರಿ ದೊರೆಯಲಿಲ್ಲ’ ಎಂಬ ಸೂಚನೆಯನ್ನು ಕಂಡೊಡನೆ ವಿದ್ಯಾರ್ಥಿಯು ಕಡತವೇ ಇಲ್ಲವೆಂದು ತೀರ್ಮಾನಿಸುತ್ತಾನೆ. ಕಡತವಿದ್ದೂ ಈ ಸೂಚನೆ ಬರಬಹುದೆಂಬುದನ್ನು ಮನಗಾಣಿಸುವುದೇ ಈ ಪಾಠದ ಉದ್ದೇಶ.

ಹಲವು ತಂತ್ರಾಂಶಗಳಿಗೆ ಬೇಕಾದ ಫಂಕ್ಷನ್‌ಗಳನ್ನು ಒಂದೇ ಕಡತದಲ್ಲಿರಿಸಿ, ತಂತ್ರಾಂಶ ನಡೆಯುವಾಗ ಜೋಡಿಸಿಕೊಳ್ಳುವ ಏರ್ಪಾಡೇ ಶೇರ್ಡ್ ಲೈಬ್ರರಿ. ತರಗತಿಗೆಲ್ಲ ಒಂದೇ ನಿಘಂಟು ಇದ್ದಂತೆ.

ಕಾಸರಗೋಡಿನ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್‌ನಲ್ಲಿ ತಂತ್ರಾಂಶವು ಸಾಮಾನ್ಯವಾಗಿ ಲೈಬ್ರರಿಯ ಹೆಸರನ್ನಷ್ಟೇ ಬರೆದಿಟ್ಟುಕೊಂಡಿರುತ್ತದೆ. ಲೋಡರ್ ಗೊತ್ತಾದ ಸ್ಥಳಗಳಲ್ಲಿ ಅದನ್ನು ಹುಡುಕುತ್ತದೆ. ಮ್ಯಾಕ್‌ಓಎಸ್‌ನಲ್ಲಿ ಲೈಬ್ರರಿಯು ತನ್ನ ವಿಳಾಸವನ್ನು ತನ್ನೊಳಗೇ ಹೊತ್ತಿರುತ್ತದೆ. ತಂತ್ರಾಂಶವನ್ನು ಸಿದ್ಧಪಡಿಸುವಾಗ ಆ ವಿಳಾಸವು ಅದರಲ್ಲಿ ನಮೂದಾಗುತ್ತದೆ.

ಎರಡು ಲೈಬ್ರರಿಗಳಲ್ಲಿ ಒಂದೇ ಹೆಸರಿನ ಫಂಕ್ಷನ್ ಇದ್ದರೆ, ಲಿನಕ್ಸ್ ಸಾಮಾನ್ಯವಾಗಿ ಮೊದಲು ಸಿಕ್ಕಿದ್ದನ್ನು ಬಳಸುತ್ತದೆ. ಮ್ಯಾಕ್‌ಓಎಸ್‌ನಲ್ಲಾದರೋ ಅದು ಯಾವ ಲೈಬ್ರರಿಯದೆಂಬುದೂ ಮೊದಲೇ ದಾಖಲಾಗಿರುತ್ತದೆ.

ಆದುದರಿಂದ ದೋಷ ಕಂಡಾಗ, ಲಿನಕ್ಸ್‌ನಲ್ಲಿ ಹುಡುಕುವ ಸ್ಥಳಗಳನ್ನೂ ಮ್ಯಾಕ್‌ಓಎಸ್‌ನಲ್ಲಿ ನಮೂದಾದ ವಿಳಾಸವನ್ನೂ ಮೊದಲು ಪರಿಶೀಲಿಸತಕ್ಕದ್ದು.

ಚಟುವಟಿಕೆ: ಲಿನಕ್ಸ್‌ನ ಟರ್ಮಿನಲ್‌ನಲ್ಲಿ ‘ಎಲ್‌ಡಿಡಿ’ ಆಜ್ಞೆಯ ಮುಂದೆ ಗಣಕದಲ್ಲಿರುವ ಒಂದು ತಂತ್ರಾಂಶದ ಪೂರ್ಣ ವಿಳಾಸವನ್ನು ಬರೆಯಿಸಿರಿ. ಬೇಕಾದ ಲೈಬ್ರರಿಗಳ ಹೆಸರೂ ಅವು ದೊರೆತ ಸ್ಥಳವೂ ಸಾಲುಸಾಲಾಗಿ ಮೂಡುತ್ತವೆ. ಹೆಸರು ಬೇರೆ, ಸ್ಥಳ ಬೇರೆ ಎಂಬುದನ್ನು ಮಕ್ಕಳೇ ಕಂಡು ಹೇಳಲಿ.