ಮುರುಗಲ ಹಣ್ಣಿನ ಷರಬತ್ತು

ಮಲೆನಾಡಿನ ಮತ್ತು ಕರಾವಳಿಯ ಜಮೀನುಗಳಲ್ಲಿಯೂ ಸೊಪ್ಪಿನ ಬೆಟ್ಟಗಳಲ್ಲಿಯೂ ತಾನಾಗಿ ಬೆಳೆಯುವ ಉಪಯುಕ್ತ ವೃಕ್ಷಗಳಲ್ಲಿ ಮುರುಗಲು ಒಂದು. ಇದನ್ನು ತುಳುನಾಡಿನಲ್ಲಿ ಪುನರ್ಪುಳಿಯೆಂದೂ ಕೊಂಕಣಿ ಮಾತಾಡುವವರು ಬಿರಿಂಡವೆಂದೂ ಕರೆಯುವರು. ನೆಟ್ಟು ನೀರೆರೆದು ಸಾಕಿದವರು ವಿರಳವಾದಕಾರಣ, ಇದರ ಫಲಕ್ಕೆ ಬೆಲೆಯಿಲ್ಲವೆಂಬ ಭಾವನೆಯು ಅನೇಕರಲ್ಲಿ ಬೇರೂರಿರುವುದು.

ಹಣ್ಣು ಮಾಗುವ ಕಾಲವು ಏಪ್ರಿಲ್ ತಿಂಗಳಿನಿಂದ ಜೂನ್ ತಿಂಗಳವರೆಗೆ. ಸಿಪ್ಪೆಯನ್ನು ಒಣಗಿಸಿ ಅಡಿಗೆಯ ಹುಳಿಗೆಂದು ಇಟ್ಟುಕೊಳ್ಳುವುದು ರೂಢಿ. ಆದರೆ ಒಣಗುವುದಕ್ಕೆ ಹಲವು ದಿನಗಳ ಒಳ್ಳೆಯ ಬಿಸಿಲು ಬೇಕು. ಅಷ್ಟರಲ್ಲಿ ಮುಂಗಾರು ಬಂದರೆ ಅಂಗಳದಲ್ಲಿ ಹರವಿದ ಸಿಪ್ಪೆಗೆ ಬೂಸರು ಹಿಡಿಯುವುದು; ಮರದಲ್ಲುಳಿದ ಹಣ್ಣು ಉದುರಿ ಕೊಳೆಯುವುದು. ಈ ನಷ್ಟವನ್ನು ತಪ್ಪಿಸುವ ಸುಲಭವಾದ ಉಪಾಯವೆಂದರೆ ಷರಬತ್ತು ಮಾಡಿಡುವುದು. ಇದಕ್ಕೆ ಹಣ್ಣು ಒಣಗಬೇಕಾದದ್ದಿಲ್ಲ, ಒಲೆಯ ಉರಿಯೂ ಬೇಡ.

ಸಕ್ಕರೆಯ ಪ್ರಮಾಣ

ಷರಬತ್ತು ಕೆಡುವುದಕ್ಕೆ ಮುಖ್ಯ ಕಾರಣವು ಸಕ್ಕರೆಯಲ್ಲಿ ಮಾಡುವ ಜಿಪುಣತನವೇ ಆಗಿದೆ. ಸಕ್ಕರೆಯು ರುಚಿಗಾಗಿ ಮಾತ್ರ ಹಾಕತಕ್ಕ ವಸ್ತುವೆಂದು ಭಾವಿಸಿ ಅನೇಕರು ಸಿಪ್ಪೆಯ ತೂಕಕ್ಕೆ ಸಮನಾಗಿ ಹಾಕುವುದುಂಟು. ಇದು ತಪ್ಪು. ಮುರುಗಲಿನ ಹುಳಿಯು ಹಲವು ಸೂಕ್ಷ್ಮಜೀವಿಗಳನ್ನು ತಡೆಯುವುದಾದರೂ, ಯೀಸ್ಟ್ ಮತ್ತು ಬೂಸರು ಹುಳಿಯಲ್ಲಿಯೂ ಬೆಳೆಯಬಲ್ಲವು. ಸಕ್ಕರೆಯು ತಕ್ಕಷ್ಟು ದಟ್ಟವಾಗಿದ್ದರೆ ಇವುಗಳಿಗೆ ಬೇಕಾದ ನೀರು ದೊರೆಯದೆ ಬೆಳವಣಿಗೆಯು ನಿಲ್ಲುವುದು.

ಈ ವಿಷಯವನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಕಿಲೋಗ್ರಾಂ ಹಸಿ ಸಿಪ್ಪೆಯಲ್ಲಿ ಸುಮಾರು 800 ಗ್ರಾಂ ನೀರಿರುವುದು. ಅದಕ್ಕೆ 1 ಕಿಲೋಗ್ರಾಂ ಸಕ್ಕರೆ ಹಾಕಿದರೆ, 1,800 ಗ್ರಾಂ ಪಾಕದಲ್ಲಿ ಸಕ್ಕರೆಯು 1,000 ಗ್ರಾಂ, ಅಂದರೆ ನೂರಕ್ಕೆ ಸುಮಾರು 55 ಭಾಗವಾಯಿತು. ಇಂತಹ ಪಾಕವು ಬೇಗನೆ ಹುದುಗೇಳುವುದು. 2 ಕಿಲೋಗ್ರಾಂ ಹಾಕಿದರೆ 2,800 ಗ್ರಾಂ ಪಾಕದಲ್ಲಿ ಸಕ್ಕರೆಯು ನೂರಕ್ಕೆ ಸುಮಾರು 71 ಭಾಗವಾಗುವುದು. ಬಹುಕಾಲ ಇಡತಕ್ಕ ಷರಬತ್ತಿನಲ್ಲಿ ನೂರಕ್ಕೆ 65 ಭಾಗಕ್ಕೆ ಕಡಮೆಯಾಗಕೂಡದು. ಆದಕಾರಣ ಒಂದು ತೂಕ ಸಿಪ್ಪೆಗೆ ಎರಡು ತೂಕ ಸಕ್ಕರೆ ಎಂಬುದೇ ನಿಯಮ. ಇದನ್ನು ಕಣ್ಣಂದಾಜಿನಿಂದ ಹಾಕದೆ ತಕ್ಕಡಿಯಲ್ಲಿ ತೂಗಿಯೇ ಹಾಕತಕ್ಕದ್ದು.

ಮಾಡುವ ಕ್ರಮ

ಚೆನ್ನಾಗಿ ಮಾಗಿ ಕಪ್ಪುಗೆಂಪಾದ ಗಟ್ಟಿ ಹಣ್ಣುಗಳನ್ನೇ ಆರಿಸತಕ್ಕದ್ದು. ಬಿದ್ದು ಒಡೆದವು, ಹುಳು ಹಿಡಿದವು ಸೇರಕೂಡದು. ಹಣ್ಣುಗಳನ್ನು ತೊಳೆದು, ಶುಭ್ರವಾದ ಬಟ್ಟೆಯಿಂದ ಒರೆಸಿ, ನೀರಿನ ಪಸೆಯಿಲ್ಲದಂತೆ ಆರಿಸಬೇಕು. ಅನಂತರ ಎರಡು ಹೋಳಾಗಿ ಸೀಳಿ, ಬೀಜವನ್ನೂ ಅದಕ್ಕಂಟಿದ ತಿರುಳನ್ನೂ ತೆಗೆದು, ಸಿಪ್ಪೆಯನ್ನು ತೂಗಬೇಕು. ಪ್ರತಿಯೊಂದು ಹೋಳಿನ ಬಟ್ಟಲಿಗೂ ಸಕ್ಕರೆ ತುಂಬಿ, ಪಿಂಗಾಣಿಯ ಜಾಡಿಯಲ್ಲಿ ಪದರ ಪದರವಾಗಿ ಜೋಡಿಸಿ, ಉಳಿದ ಸಕ್ಕರೆಯನ್ನು ಮೇಲೆ ಹರಡಿ, ಬಾಯಿಗೆ ತೆಳುಬಟ್ಟೆ ಕಟ್ಟುವುದು. ತಾಮ್ರ, ಹಿತ್ತಾಳೆ, ಕಬ್ಬಿಣ, ಅಲ್ಯುಮಿನಿಯಂ ಪಾತ್ರೆಗಳನ್ನು ಎಂದಿಗೂ ಉಪಯೋಗಿಸಕೂಡದು. ಹುಳಿಯು ಲೋಹವನ್ನು ಕರಗಿಸಿಕೊಳ್ಳುವುದು.

ಜಾಡಿಯನ್ನು ಹಗಲಲ್ಲಿ ಬಿಸಿಲಿಗಿಟ್ಟು ಸಂಜೆ ಒಳಗಿಡಬೇಕು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವಬೇಕು. ಸಾಧಾರಣವಾಗಿ ಏಳೆಂಟು ದಿನಗಳಲ್ಲಿ ಸಕ್ಕರೆಯು ಸಿಪ್ಪೆಯ ರಸವನ್ನೆಲ್ಲ ಸೆಳೆದು ಕರಗುವುದು. ಮಳೆಯು ಹಿಡಿದರೂ ಚಿಂತೆಯಿಲ್ಲ; ರಸವನ್ನು ಸೆಳೆಯುವುದು ಸಕ್ಕರೆಯೇ ಹೊರತು ಬಿಸಿಲಲ್ಲ. ಬಿಸಿಲು ಆ ಕಾರ್ಯವನ್ನು ತ್ವರೆಗೊಳಿಸುವುದಷ್ಟೆ. ಮೋಡದ ದಿನಗಳಲ್ಲಿ ಜಾಡಿಯನ್ನು ಒಳಗೇ ಇಟ್ಟು ಇನ್ನು ಕೆಲವು ದಿನ ಕಾದರೆ ಸಾಕು. ತಳದಲ್ಲಿ ಸ್ವಲ್ಪ ಸಕ್ಕರೆಯುಳಿದರೆ ಅದು ದೋಷವಲ್ಲ.

ಬಳಿಕ ಪಾಕವನ್ನು ಹಿಂಡದೆ ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕುದಿಸಿ ಪೂರ್ತಿಯಾಗಿ ಒಣಗಿಸಿದ ಶೀಸೆಗಳಲ್ಲಿ ತುಂಬಿ, ಬಿಗಿಯಾಗಿ ಮುಚ್ಚಬೇಕು. ಬೆಳಕಿಗೂ ಕಾವಿಗೂ ಕೆಂಪುಬಣ್ಣವು ಮಾಸುವುದರಿಂದ ಶೀಸೆಗಳನ್ನು ತಂಪಾದ ಕತ್ತಲೆಯ ಸ್ಥಳದಲ್ಲಿಡತಕ್ಕದ್ದು. ಕುಡಿಯುವಾಗ ಒಂದು ಪಾಲು ಷರಬತ್ತಿಗೆ ಸುಮಾರು ಐದು ಪಾಲು ತಣ್ಣೀರು ಬೆರೆಸಿ, ಚಿಟಿಕೆ ಉಪ್ಪನ್ನೂ ಜೀರಿಗೆಪುಡಿಯನ್ನೂ ಹಾಕುವುದು. ಸಕ್ಕರೆಯು ಅಧಿಕವಾಗಿರುವುದರಿಂದ ಮಧುಮೇಹವುಳ್ಳವರಿಗೆ ಇದು ತಕ್ಕದ್ದಲ್ಲ.

ಕೆಟ್ಟುದರ ಗುರುತು

ನೊರೆಯೇಳುವುದು, ಹೆಂಡದ ವಾಸನೆ ಬರುವುದು, ಮುಚ್ಚಳವು ತಾನಾಗಿ ಮೇಲೇಳುವುದು—ಇವು ಹುದುಗಿನ ಗುರುತುಗಳು. ಅಂತಹ ಷರಬತ್ತನ್ನು ಕುದಿಸಿ ಸರಿಪಡಿಸುವ ಯತ್ನ ಬೇಡ; ಚೆಲ್ಲಿಬಿಡುವುದೇ ಲೇಸು. ಕೆಟ್ಟ ಒಂದು ಶೀಸೆಯು ಸಂತೆಗೆ ಹೋದರೆ ಇಡೀ ಊರಿನ ಸರಕಿಗೆ ಕೆಟ್ಟ ಹೆಸರು ಬರುವುದು. ಮಾರಾಟಕ್ಕೆ ತೊಡಗುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಮೊದಲೇ ನೋಂದಣಿಯನ್ನಾಗಲಿ ಪರವಾನಗಿಯನ್ನಾಗಲಿ ಪಡೆಯುವುದು ಅಗತ್ಯ.

ಉಳಿದ ಭಾಗಗಳ ಉಪಯೋಗ

ಸೋಸಿದ ಮೇಲೆ ಉಳಿಯುವ ಸಿಪ್ಪೆಯು ಸಿಹಿಹುಳಿಯಾಗಿದ್ದು, ಆರಿಸಿಟ್ಟರೆ ತಿನ್ನಲು ಯೋಗ್ಯ. ಬೀಜವನ್ನೂ ಬಿಸಾಡಕೂಡದು, ಅದರ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬಿದೆ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲಿ ಬರುವ ಈ ಕೊಬ್ಬೇ ಮುರುಗಲ ತುಪ್ಪ. ಒಡೆದ ಹಿಮ್ಮಡಿಗೆ ಅದನ್ನು ಹಚ್ಚುವುದು ಹಿಂದಿನಿಂದ ಬಂದ ವಾಡಿಕೆ.

ಗ್ರಾಮದ ಮುಖಂಡರ ಕರ್ತವ್ಯ

ಹಣ್ಣಿನ ಆಸೆಗೆ ಕೊಂಬೆಗಳನ್ನೇ ಕಡಿದುರುಳಿಸುವ ದುರಭ್ಯಾಸವು ಕೆಲವೆಡೆ ಇರುವುದು. ಇದರಿಂದ ಮುಂದಿನ ವರ್ಷಗಳ ಫಲಕ್ಕೆ ಹಾನಿ. ಮುಖಂಡರು ಇದನ್ನು ತಡೆದು, ಕೊಕ್ಕೆ ಕಟ್ಟಿದ ಗಳದಿಂದ ಕೊಯ್ಯುವಂತೆ ಕೆಲಸಗಾರರಿಗೆ ತಿಳಿಯಹೇಳಬೇಕು. ಭೂಮಾಲೀಕರು ಈ ವರ್ಷ ತಮ್ಮ ಮನೆಯಲ್ಲಿಯೇ ಒಂದು ಜಾಡಿಯಷ್ಟು ತೂಗಿ ಮಾಡಿ, ಮುಂದಿನ ಬೇಸಗೆಯವರೆಗೆ ಇಟ್ಟು ನೋಡಲಿ. ಅದು ಕೆಡದೆ ನಿಂತುದನ್ನು ಕಣ್ಣಾರೆ ಕಂಡ ನೆರೆಹೊರೆಯವರು ಯಾರ ಉಪದೇಶವೂ ಇಲ್ಲದೆ ತಾವಾಗಿಯೇ ತಕ್ಕಡಿ ಹಿಡಿಯುವರು.