ದೇಹಭಾರವನ್ನು ಇಳಿಸುವ ನಿಧಾನಕ್ರಮ

ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದ ಕಾಲದಲ್ಲಿ, 1638ರಿಂದ 1659ರವರೆಗೆ ರಾಜ್ಯವಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಾವೇ ಮಲ್ಲವಿದ್ಯಾನಿಪುಣರೆಂದು ಪ್ರಸಿದ್ಧರಾಗಿದ್ದರು. ಅಂಥ ನೆಲದಲ್ಲಿ ಗರಡಿಮನೆಯೆಂಬುದು ಊರಿನ ದೇವಾಲಯದಷ್ಟೇ ಸಹಜವಾದ ಸಂಸ್ಥೆಯಾಗಿದ್ದು, ಅಲ್ಲಿಗೆ ಸೇರಿದ ಹುಡುಗನಿಗೆ ಉಸ್ತಾದನು ಮೊದಲ ದಿನವೇ ಗದೆಯನ್ನು ಕೊಡದೆ, ಕೆಲವು ಬಸ್ಕಿ ಕೆಲವು ದಂಡಗಳಿಂದ ಆರಂಭಿಸಿ, ಮೈ ಒಗ್ಗಿದಂತೆಲ್ಲ ಎಣಿಕೆಯನ್ನು ಹೆಚ್ಚಿಸಿ, ತೋಳಿಗೂ ಸೊಂಟಕ್ಕೂ ಬಲ ಬಂದಮೇಲೆಯೇ ಭಾರವನ್ನು ಎತ್ತಿಸುತ್ತಿದ್ದನು. ಇಂದು ತಾಲ್ಲೂಕು ಕೇಂದ್ರಗಳ ಮುಖ್ಯಬೀದಿಗಳಲ್ಲಿ ಕಾಣಿಸಿಕೊಂಡಿರುವ ಜಿಮ್‌ಗಳಿಗೆ ತೂಕ ಇಳಿಸಬೇಕೆಂಬ ಹಂಬಲದಿಂದ ಹೋಗುವವರು ಆ ಕ್ರಮವನ್ನೇ ಅನುಸರಿಸಿದರೆ ಗುರಿಯನ್ನು ಮುಟ್ಟುವರೆಂಬುದು ನನ್ನ ದೃಢವಾದ ನಂಬಿಕೆ.

ಬೊಜ್ಜು ನಮ್ಮಲ್ಲಿ ಹೇಗೆ ಬೆಳೆಯಿತೆಂಬುದನ್ನು ಮೊದಲು ತಿಳಿಯಬೇಕು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಶ್ರೀರಂಗಪಟ್ಟಣ ಪಾಂಡವಪುರಗಳ ಬಯಲು ಭತ್ತಕ್ಕೂ ಕಬ್ಬಿಗೂ ತಿರುಗಿತು; ಕೆ.ಆರ್. ಪೇಟೆಯ ಸೀಮೆಗೆ ಹೇಮಾವತಿಯು ಒದಗಿದಳು. ನಾಗಮಂಗಲವು ಬಹುಮಟ್ಟಿಗೆ ಮಳೆಯನ್ನೇ ನಂಬಿ ರಾಗಿ ಹುರುಳಿಗಳ ನಾಡಾಗಿ ಉಳಿಯಿತು. ನೇಗಿಲು ಹಿಡಿದು, ಕಬ್ಬು ಕಡಿದು, ಸಂತೆಗೆ ನಡೆದು ಹೋಗುತ್ತಿದ್ದ ಶರೀರಕ್ಕೆ ಎರಡು ಮುದ್ದೆಯೂ ಬೆಲ್ಲವೂ ಅವಶ್ಯಕವಾದ ಇಂಧನವಾಗಿದ್ದವು. ಈಗ ಟ್ರ್ಯಾಕ್ಟರು ಉಳುತ್ತದೆ, ಬೈಕು ಸಂತೆಗೆ ಕರೆದೊಯ್ಯುತ್ತದೆ. ತಟ್ಟೆ ಮಾತ್ರ ತಾತನ ಕಾಲದ್ದೇ ಆಗಿದೆ. ದಪ್ಪಗಾದವನನ್ನು ಸೋಮಾರಿಯೆಂದು ಹಳಿಯುವುದು ಆದಕಾರಣ ಅನ್ಯಾಯ.

ಮೊದಲನೆಯ ಕೆಲಸ ಅಳತೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಕವನ್ನು ನೋಡಿಕೊಂಡು, ಉಸಿರನ್ನು ಸಹಜವಾಗಿ ಬಿಟ್ಟು, ಟೇಪಿನಿಂದ ಸೊಂಟದ ಸುತ್ತಳತೆಯನ್ನು ಗುರುತುಹಾಕಿಕೊಳ್ಳಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಿದರೆ ಅದು ಎಚ್ಚರಿಕೆಯ ರೇಖೆ. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯು ನಮ್ಮವರಲ್ಲಿ 23ನ್ನು ದಾಟಿದರೆ ಅಧಿಕ ತೂಕ, 25ನ್ನು ದಾಟಿದರೆ ಬೊಜ್ಜು. 165 ಸೆಂಟಿಮೀಟರು ಎತ್ತರದ, 78 ಕಿಲೋ ತೂಗುವವನಿಗೆ ಅದು 28ಕ್ಕೂ ಮೇಲಾಗುತ್ತದೆ. ಅಂಥವನು ಒಮ್ಮೆಗೇ 60 ಕಿಲೋವಿಗೆ ಇಳಿಯುವ ಕನಸು ಕಾಣದೆ, ಮೊದಲು ತೂಕದ ನೂರರಲ್ಲಿ ಐದು ಭಾಗವನ್ನು, ಅಂದರೆ ನಾಲ್ಕು ಕಿಲೋವನ್ನು, ಇಳಿಸಲಿ. ಅಷ್ಟರಿಂದಲೇ ರಕ್ತದ ಸಕ್ಕರೆ ಮತ್ತು ಒತ್ತಡಗಳಲ್ಲಿ ಸುಧಾರಣೆ ಕಾಣುವುದುಂಟು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು.

ಎದೆನೋವು, ಏರುವಾಗ ಅತಿಯಾದ ಏದುಸಿರು, ಅಧಿಕ ರಕ್ತದೊತ್ತಡ, ಮಧುಮೇಹ ಇವುಗಳಲ್ಲಿ ಯಾವುದೊಂದಿದ್ದರೂ ವೈದ್ಯರನ್ನು ಕಾಣದೆ ಆರಂಭಿಸಕೂಡದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು, ವ್ಯಾಯಾಮದಿಂದ ಸಕ್ಕರೆಯು ಹಠಾತ್ತನೆ ಕುಸಿಯುವ ಸಂಭವವಿರುವುದರಿಂದ, ಔಷಧದ ಪ್ರಮಾಣವನ್ನು ವಿಚಾರಿಸಿಕೊಂಡೇ ಹೋಗತಕ್ಕದ್ದು.

ಜಿಮ್ ಆರಿಸುವಾಗ ಹೊಳೆಯುವ ಯಂತ್ರಗಳಿಗೆ ಮರುಳಾಗಬೇಡಿ. ಒಂದು ಸಂಜೆ ಸುಮ್ಮನೆ ಕುಳಿತು, ಹೊಸಬನ ಬೆನ್ನು ಬಾಗಿದಾಗ ಶಿಕ್ಷಕನು ತಿದ್ದುವನೋ ಅಥವಾ ಮೊಬೈಲು ನೋಡುತ್ತಿರುವನೋ ಎಂಬುದನ್ನು ಗಮನಿಸಿದರೆ ನಿರ್ಣಯಕ್ಕೆ ಅಷ್ಟೇ ಸಾಕು. ವರ್ಷದ ಹಣವನ್ನು ಮುಂಗಡ ಕಟ್ಟದೆ ಮೊದಲ ಮೂರು ತಿಂಗಳು ಮಾಸಿಕ ಶುಲ್ಕವನ್ನೇ ಕೊಡಿ. ಕಿಕ್ಕೇರಿಯಿಂದಲೋ ಬಿಂಡಿಗನವಿಲೆಯಿಂದಲೋ ಬರುವವರು ಬಸ್ಸಿನ ವೇಳೆಗೆ ಹೊಂದುವಂತೆ ವಾರಕ್ಕೆ ಮೂರು ದಿನಗಳನ್ನು ಗೊತ್ತುಮಾಡಿಕೊಳ್ಳಲಿ. ಆರು ದಿನದ ಸಂಕಲ್ಪವು ಎರಡನೆಯ ವಾರಕ್ಕೇ ಮುರಿದುಬೀಳುವುದಕ್ಕಿಂತ ಮೂರು ದಿನದ ನಿಯಮವು ವರ್ಷವೆಲ್ಲ ನಿಲ್ಲುವುದು ಶ್ರೇಯಸ್ಕರ. ಹೆಂಗಸರು ತಮಗೆ ಪ್ರತ್ಯೇಕವಾದ ವೇಳೆಯುಂಟೇ ಎಂದು ಕೇಳಬೇಕು. ಇಲ್ಲವಾದರೆ ನಾಲ್ಕಾರು ಮಂದಿ ಸೇರಿ ಕೇಳಬೇಕು, ಏಕೆಂದರೆ ಸ್ನಾಯುಬಲದ ಅವಶ್ಯಕತೆಯು ಮೂಳೆ ಸವೆಯುವ ವಯಸ್ಸನ್ನು ಸಮೀಪಿಸುವ ತಾಯಂದಿರಿಗೆ ಹುಡುಗರಿಗಿಂತಲೂ ಹೆಚ್ಚಾಗಿದೆ.

ಮೊದಲ ತಿಂಗಳ ಒಂದು ದಿನದ ಕ್ರಮವು ಹೀಗಿರಲಿ. ಹತ್ತು ನಿಮಿಷ ನಡೆದು ಮೈ ಬೆಚ್ಚಗಾದಮೇಲೆ, ಬೆಂಚಿನ ಮೇಲೆ ಕುಳಿತೇಳುವ ಬಸ್ಕಿ, ಗೋಡೆಗೋ ಮೇಜಿಗೋ ಕೈಕೊಟ್ಟು ಮಾಡುವ ದಂಡ, ಹಗ್ಗದ ಯಂತ್ರವನ್ನು ಎದೆಯ ಕಡೆಗೆ ಸೆಳೆಯುವುದು, ಬೆನ್ನನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ ಹಗುರವಾದ ಡಂಬೆಲ್ ಎತ್ತುವುದು, ಎರಡು ಕೈಗಳಲ್ಲೂ ಭಾರ ಹಿಡಿದು ನಡೆಯುವುದು: ಇವೈದರಲ್ಲಿ ಮೊದಲ ನಾಲ್ಕನ್ನು ಹನ್ನೆರಡು ಹನ್ನೆರಡರಂತೆ ಎರಡು ಸುತ್ತು ಮಾಡಿ, ಕೊನೆಯದನ್ನು ಕೊಠಡಿಯ ಉದ್ದಕ್ಕೆ ಎರಡು ಸಲ ಮಾಡಿ. ಹನ್ನೆರಡನೆಯದು ಮುಗಿದಾಗ ಇನ್ನೂ ಎರಡು ಮೂರನ್ನು ಮಾಡಬಲ್ಲೆನೆಂಬ ಶಕ್ತಿಯು ಉಳಿದಿರಬೇಕು. ಭಾರವೆತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಮರುದಿನ ತೊಡೆಗಳು ನೊಂದರೆ ಹೆದರಬೇಕಾಗಿಲ್ಲ, ಎರಡು ಮೂರು ದಿನಗಳಲ್ಲಿ ಶಮನವಾಗುತ್ತದೆ. ಕೀಲಿನೊಳಗೆ ಚುಚ್ಚುವ ನೋವಾದರೆ ಆ ವ್ಯಾಯಾಮವನ್ನು ಕೂಡಲೇ ನಿಲ್ಲಿಸಬೇಕು.

ಎರಡನೆಯ ತಿಂಗಳಿನಿಂದ ಮೂರು ಸುತ್ತು. ಮೂರೂ ಸುತ್ತುಗಳಲ್ಲಿ ಹನ್ನೆರಡನ್ನು ಸರಾಗವಾಗಿ ಮುಗಿಸಿದ ವಾರದ ಮುಂದಿನ ವಾರ, ಕೈಗಳಿಗೆ ಒಂದು ಕಿಲೋ, ಕಾಲುಗಳಿಗೆ ಎರಡು ಕಿಲೋ ಸೇರಿಸಿ. ಪಕ್ಕದವನು ಎಷ್ಟು ಎತ್ತಿದನೆಂಬುದು ನಿಮಗೆ ಸಂಬಂಧಿಸದ ವಿಷಯ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿ, ‘ಶಾಂತಲಾ’ ಕಾದಂಬರಿಯನ್ನೂ ಬರೆದ ಕೆ.ವಿ. ಅಯ್ಯರ್ ಅವರು ಕಬ್ಬಿಣದ ಭಾರದೊಡನೆ ಸೂರ್ಯನಮಸ್ಕಾರವನ್ನೂ ಬೋಧಿಸಿದರೆಂಬುದನ್ನು ನೆನೆದರೆ, ದೇಶೀಯ ಪದ್ಧತಿಗೂ ಜಿಮ್ಮಿಗೂ ವೈರವಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಜಿಮ್ ಇಲ್ಲದ ದಿನ ಮನೆಯಲ್ಲಿ ನಿಧಾನವಾಗಿ ನಮಸ್ಕಾರಗಳನ್ನು ಹಾಕಬಹುದು.

ಭಾರವೆತ್ತುವುದರ ಜೊತೆಗೆ ನಡಿಗೆ ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವನ್ನೂ ವಿಧಿಸಿದೆ. ಮಾತಾಡಬಹುದು ಆದರೆ ಹಾಡಲಾಗದು ಎಂಬಷ್ಟು ಬಿರುಸು ಮಧ್ಯಮ ಶ್ರಮದ ಲಕ್ಷಣ. ನಾಲೆಯ ಏರಿಯ ಮೇಲೆ ಬೆಳಗಿನ ನಡಿಗೆಯು ಟ್ರೆಡ್‌ಮಿಲ್ಲಿಗಿಂತ ನನಗೆ ಪ್ರಿಯವಾದದ್ದು. ಮೂರು ತಿಂಗಳು ಕಳೆದಮೇಲೆ ಪಾಂಡವಪುರದವರು ಕುಂತಿಬೆಟ್ಟವನ್ನೂ ಶ್ರೀರಂಗಪಟ್ಟಣದವರು ಕರಿಘಟ್ಟವನ್ನೂ ಹತ್ತಿ ನೋಡಲಿ. ಯಾವ ಯಂತ್ರದ ಅಂಕೆಗಿಂತಲೂ ಆ ಏರು ಪ್ರಗತಿಯನ್ನು ನಿಖರವಾಗಿ ಹೇಳುತ್ತದೆ.

ಇನ್ನು ಆಹಾರ, ಸಾಧನೆಯ ಹೆಚ್ಚಿನ ಪಾಲು ಇಲ್ಲಿಯೇ ನಿಂತಿದೆ. ಒಂದು ಕಿಲೋ ಕೊಬ್ಬು ಸುಮಾರು 7700 ಕ್ಯಾಲೊರಿಗೆ ಸಮವಾದುದರಿಂದ, ವಾರಕ್ಕೆ ಅರ್ಧ ಕಿಲೋ ಇಳಿಯಲು ದಿನಕ್ಕೆ 550 ಕ್ಯಾಲೊರಿಯಷ್ಟು ಅಂತರ ಬೇಕು. ಜಿಮ್ಮಿನ ಒಂದು ಗಂಟೆಯಿಂದ ಅದರ ಅರ್ಧ ದೊರೆತರೆ ಹೆಚ್ಚು. ಉಳಿದದ್ದು ತಟ್ಟೆಯಿಂದ ಬರಬೇಕು. 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿಯುಂಟು. ರಾಗಿಯನ್ನು ಬಿಡಬೇಕಾಗಿಲ್ಲ, ಎರಡು ಮುದ್ದೆಯ ಸ್ಥಾನದಲ್ಲಿ ಒಂದನ್ನಿಟ್ಟು, ಹುರುಳಿಕಾಳಿನ ಬಸ್ಸಾರನ್ನೂ ಸೊಪ್ಪಿನ ಪಲ್ಯವನ್ನೂ ಹೆಚ್ಚಿಸಿ. ಒಣ ಹುರುಳಿಯ 100 ಗ್ರಾಮಿನಲ್ಲಿ 20 ಗ್ರಾಮಿಗೂ ಮೇಲೆ ಪ್ರೋಟೀನಿದೆ; ತೂಕ ಇಳಿಯುವಾಗ ಸ್ನಾಯು ಕರಗದಿರಲು ಅದು ಬೇಕು. ಮೊಟ್ಟೆ, ಮೊಸರು, ಅವರೆಕಾಳು ಇವೂ ಒಳ್ಳೆಯವೇ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಲೋಟ ಕಾಫಿಯಿಂದ ದಿನಕ್ಕೆ 150 ಕ್ಯಾಲೊರಿಯಷ್ಟು ಸೇರುತ್ತದೆ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚು ಬದಲಾಗದು. ಆಲೆಮನೆಗಳ ಸೀಮೆಯವರಾದ ನಮಗೆ ಇದನ್ನು ಕೇಳುವುದು ಕಷ್ಟ, ಆದರೂ ಹೇಳಲೇಬೇಕು. ಬೀಗರ ಔತಣದ ದಿನ ಸಂತೋಷದಿಂದ ಉಣ್ಣಿ. ಮರುದಿನ ಉಪವಾಸದ ಪ್ರಾಯಶ್ಚಿತ್ತ ಬೇಡ, ನಿತ್ಯದ ಊಟಕ್ಕೆ ಮರಳಿದರೆ ಸಾಕು. ತಿಂಗಳಲ್ಲಿ ಹತ್ತು ಕಿಲೋ ಇಳಿಸುವೆವೆಂಬ ಪುಡಿಗಳನ್ನೂ, ಗುಟ್ಟಾಗಿ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದುಗಳನ್ನೂ ಮುಟ್ಟಕೂಡದು. ಎರಡನೆಯದರಿಂದ ಹೃದಯಕ್ಕೂ ಯಕೃತ್ತಿಗೂ ಅಪಾಯವುಂಟು.

ತೂಕವನ್ನು ವಾರಕ್ಕೊಮ್ಮೆ, ಸೊಂಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ತೂಕ ನಿಂತು ಸೊಂಟ ಕರಗುತ್ತಿದ್ದರೆ ಕ್ರಮವು ಸರಿಯಾಗಿಯೇ ಸಾಗಿದೆ. ಎರಡೂ ನಾಲ್ಕು ವಾರ ನಿಂತರೆ ನಡಿಗೆಗೆ ದಿನಕ್ಕೆ ಹತ್ತು ನಿಮಿಷವನ್ನು ಕೂಡಿಸಿ, ಅನ್ನವನ್ನು ಒಂದು ಹಿಡಿ ತಗ್ಗಿಸಿ. ಏಳು ಗಂಟೆಯ ನಿದ್ರೆಯಿಲ್ಲದವನಿಗೆ ಹಸಿವು ಅಂಕೆಗೆ ಸಿಗದು.

ನಾಟಿ, ಕೊಯ್ಲು, ಮೇಲುಕೋಟೆಯ ವೈರಮುಡಿ, ಮನೆಯ ಮದುವೆ ಇವುಗಳಿಂದ ಎರಡು ಮೂರು ವಾರ ತಪ್ಪಿಹೋಗುವುದು ನಮ್ಮ ಕಡೆ ಅನಿವಾರ್ಯ. ಆಗ ಕೆಟ್ಟಿತೆಂದು ಕೈಚೆಲ್ಲದೆ, ಬಿಟ್ಟಾಗ ಎತ್ತುತ್ತಿದ್ದ ಭಾರದ ಅರ್ಧದಿಂದ ಒಂದು ವಾರ, ಮುಕ್ಕಾಲಿನಿಂದ ಮತ್ತೊಂದು ವಾರ ನಡೆಸಿ, ಮೂರನೆಯ ವಾರದಿಂದ ಹಿಂದಿನ ಭಾರಕ್ಕೆ ಬನ್ನಿ.